ಮರಿಗೆ ಹಾಕಿದ ಮದ್ದು

ಸರೋಜ: ಆ ಬಾಟ್ಲಿ ಕೆಳಗಿಡಿ. ಮರ್ಯಾದೆಯಾಗಿ ಹೇಳ್ತಿದೀನಿ, ಕೆಳಗಿಡಿ!

ಪೂವಯ್ಯ: ಕಾಚಂಪುಳಿ ಮಾರಾಯ್ತಿ, ಹಣ್ಣಿಂದ ಇಳಿಸಿದ ಹುಳಿ, ಆಸಿಡ್ ಅಲ್ಲ. ನಮ್ಮ ಅಜ್ಜ ಗಾಯಕ್ಕೆ ಇದನ್ನೇ ಬಿಡ್ತಿದ್ರು.

ಸರೋಜ: ನಿಮ್ಮಜ್ಜ ಹಂದಿ ಸಾರಿಗೂ ಅದನ್ನೇ ಬಿಡ್ತಿದ್ರು. ಮರಿ ಕುಶಾಲಿಗೆ ಗಾಯ ಆಗಿರೋದು ಕಣ್ರೀ, ಅದನ್ನ ಬೇಯ್ಸೋಕೆ ಹೊರಟಿಲ್ಲ ನಾವು.

ಪೂವಯ್ಯ: ಸ್ವಲ್ಪ ಉರೀತದೆ, ಅಷ್ಟೆ. ಉರಿದ್ರೆ ಬೇಗ ಒಣಗ್ತದೆ.

ಸರೋಜ: ಹಂಗಾದ್ರೆ ಬೆಳಗ್ಗೆ ಗಡ್ಡ ಹೆರೆಯುವಾಗ ಕುಯ್ಕೊಂಡಿದೀರಲ್ಲ, ಮೊದ್ಲು ಅಲ್ಲಿಗೆ ಬಿಟ್ಕೊಂಡು ತೋರ್ಸಿ.

ಪೂವಯ್ಯ ಗಲ್ಲದ ಮೇಲೆ ಕೈ ಇಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಕೊಟ್ಟಿಗೆಯಲ್ಲಿ ಗಂಡ ಹೆಂಡತಿಯ ನಡುವೆ ನಿಂತಿದ್ದುದು ಆರು ತಿಂಗಳ ಹೆಣ್ಣು ಕುದುರೆಮರಿ, ಕುಶಾಲಿ. ತಿಂಡಿಯ ಹೊತ್ತಿಗೆ ಮುಳ್ಳುತಂತಿಯ ಬೇಲಿ ಹಾರಲು ಹೋಗಿ ಮುಂಗಾಲನ್ನು ಮಂಡಿಯ ಕೆಳಗೆ ಸೀಳಿಕೊಂಡಿತ್ತು. ಸರೋಜ ಒಗೆದ ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿದ್ದರು. ಪೂವಯ್ಯ ಇಪ್ಪತ್ತು ನಿಮಿಷದಿಂದ ಮುಚ್ಚಳ ತೆಗೆದ ಬಾಟಲಿ ಹಿಡಿದು ನಿಂತಿದ್ದರೂ ಒಂದು ಹನಿ ಬಿಟ್ಟಿರಲಿಲ್ಲ. ಮರಿ ಕಾಲು ಅಲುಗಿಸಿದಾಗಲೆಲ್ಲ ಇವರ ಕಣ್ಣು ಒದ್ದೆಯಾಗುತ್ತಿತ್ತು. ಗಟ್ಟಿ ಇದ್ದದ್ದು ಬಾಯಿ ಮಾತ್ರ.

ಸರೋಜ: ಕುದುರೆ ನಮ್ಮಣ್ಣಂದು. ತಾಯಿ ಸತ್ತ ಮರಿ, ಹಾಲು ಕುಡ್ಸಿ ದೊಡ್ಡದು ಮಾಡ್ಕೊಡಿ ಅಂತ ಬಿಟ್ಟಿದಾನೆ. ಬರೋ ತಿಂಗಳು ನಮ್ಮೂರು ಶನಿವಾರಸಂತೆಗೆ ಕರ್ಕೊಂಡು ಹೋಗಿ, ಮದುವೆ ದಿಬ್ಬಣಕ್ಕೆ ಪಳಗಿಸ್ತಾನೆ. ಕಾಲಲ್ಲಿ ಕಲೆ ಇಟ್ಕೊಂಡಿರೋ ಕುದುರೇನ ಯಾವ ಮದುಮಗ ಹತ್ತುತಾನೆ?

ಪೂವಯ್ಯ: ಹತ್ತುದು ಬೇಡ. ಕಾರಲ್ಲಿ ಹೋಗ್ಲಿ.

ಸರೋಜ: ಓಹೋ! ಕಲೆ ಬಿದ್ರೆ ಅಣ್ಣ ಬೇಡ ಅಂತಾನೆ, ಮರಿ ಇಲ್ಲೇ ಉಳ್ಕೊಳುತ್ತೆ. ಇದು ತಾನೇ ನಿಮ್ಮ ಉಪಾಯ?

ಪೂವಯ್ಯ: ಛೆ ಛೆ! ನಂಗೆ ಎಂತಕ್ಕೆ ಕುದುರೆ? ತೋಟಕ್ಕೆ ಹೋಗ್ಲಿಕ್ಕೆ ಜೀಪು ಉಂಟು.

ಇದು ಶುದ್ಧ ಸುಳ್ಳು. ಬಾಟಲಿಯಲ್ಲಿ ಹಾಲು ಕುಡಿದು ಬೆಳೆದ ಮರಿ ಇವರ ಹಿಂದೆಯೇ ಕಾಫಿ ಕಣಕ್ಕೆ ಬರುತ್ತಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಜೊತೆ ಇವರು ಗಂಭೀರವಾಗಿ ಮಾತಾಡುವಾಗ ಹಿಂದಿನಿಂದ ಅಂಗಿಯ ಕಾಲರ್ ಚೀಪುತ್ತಿತ್ತು. ಬರುವ ತಿಂಗಳು ಅದು ಹೋಗುತ್ತದೆ ಎಂದು ನೆನೆದರೆ ಪೂವಯ್ಯನವರಿಗೆ ಅನ್ನ ಇಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಪಶುವೈದ್ಯ ಕೀರ್ತಿಕುಮಾರ್ ಬೈಕಿನಲ್ಲಿ ಬಂದಿಳಿದರು. ಮರಿಗೆ ಮಂಪರು ಬರಲು ಒಂದು ಇಂಜೆಕ್ಷನ್, ಟೆಟನಸ್ಸಿಗೆ ಇನ್ನೊಂದು ಕೊಟ್ಟರು. ಗಾಯವನ್ನು ಸಲೈನ್ ಹರಿಸಿ ತೊಳೆದು, ಹೊಲಿಗೆ ಹಾಕಿ, ಹತ್ತಿ ಇಟ್ಟು ಬ್ಯಾಂಡೇಜ್ ಸುತ್ತಿದರು. ಅಷ್ಟೂ ಹೊತ್ತು ಪೂವಯ್ಯ ಮರಿಯ ತಲೆ ತಬ್ಬಿಕೊಂಡು 'ಮೆಲ್ಲ ಡಾಕ್ಟ್ರೇ, ಮೆಲ್ಲ' ಎಂದು ಜಪ ಮಾಡುತ್ತಿದ್ದರು.

ಡಾಕ್ಟರ್: ಆರು ವಾರ ಜೋಪಾನ. ಬ್ಯಾಂಡೇಜ್ ಬದಲಿಸುವಾಗೆಲ್ಲ ನಾನು ಕೊಡೋ ಮುಲಾಮು ಸ್ವಲ್ಪ ಸ್ವಲ್ಪ ಹಾಕಿ. ಕುದುರೆಗೆ ಮಂಡಿಯಿಂದ ಕೆಳಗೆ ಬರೀ ಚರ್ಮ, ಮೂಳೆ. ಅಲ್ಲಿ ಗಾಯ ಆದ್ರೆ ದುರ್ಮಾಂಸ ಬೆಳೆಯುತ್ತೆ.

ಪೂವಯ್ಯ: ಮಾಂಸವೇ ಇಲ್ಲದ ಜಾಗದಲ್ಲಿ ಮಾಂಸ ಬೆಳೀತದಾ?

ಡಾಕ್ಟರ್: ಅದೇ ತೊಂದರೆ. ಗಾಯದೊಳಗಿಂದ ಹೂಕೋಸಿನ ಹಾಗೆ ಉಬ್ಬಿ ಬರುತ್ತೆ, ಚರ್ಮ ಕೂಡಿಕೊಳ್ಳೋಕೆ ಬಿಡಲ್ಲ. ಆಮೇಲೆ ದೊಡ್ಡ ಕಲೆ. ಅಲ್ಲಿ ಕೂದಲು ಹುಟ್ಟಲ್ಲ, ಹುಟ್ಟಿದರೂ ಬಿಳಿ.

ಪೂವಯ್ಯ: ಬಿಳಿ ಕೂದಲಾ? ಎಷ್ಟು ಬರ್ಬಹುದು?

ಡಾಕ್ಟರ್: ನಿಮ್ಮ ಮೀಸೆಯಷ್ಟು ಅಂತಿಟ್ಟುಕೊಳ್ಳಿ.

ಸರೋಜ: ಡೈ ಹಾಕೋಕೆ ಮುಂಚಿನ ಮೀಸೇನಾ, ಆಮೇಲಿಂದಾ?

ಪೂವಯ್ಯ: ನೀನು ಸುಮ್ನಿರು. ಡಾಕ್ಟ್ರೇ, ಓಡಾಡಿಸಿದ್ರೆ ಕಲೆ ಬೀಳ್ತದಾ?

ಡಾಕ್ಟರ್: ಖಂಡಿತ ಬೀಳುತ್ತೆ.

ಪೂವಯ್ಯ: ಎಷ್ಟು ದೂರ ಓಡಿಸ್ಬೇಕು?

ಡಾಕ್ಟರ್: ಓಡಿಸಬಾರದು!

ಪೂವಯ್ಯ: ಅದು ಗೊತ್ತಾಯ್ತು. ಓಡಿಸುದಾದ್ರೆ ಎಷ್ಟು ಅಂತ.

ಡಾಕ್ಟರ್: ಪೂವಯ್ಯನವರೇ, ಓಡಿಸಬಾರದು, ನೊಣ ಕೂರಬಾರದು, ಬ್ಯಾಂಡೇಜ್ ಒದ್ದೆ ಆಗಬಾರದು. ಸುಣ್ಣ, ಕಾಫಿಪುಡಿ, ಸೀಮೆಎಣ್ಣೆ ಏನೂ ಹಚ್ಚಬಾರದು.

ಪೂವಯ್ಯ: ಒಂದ್ನಿಮಿಷ, ಬರ್ಕೊಳ್ತೇನೆ. ಸುಣ್ಣ... ಕಾಫಿಪುಡಿ... ಇದರಲ್ಲಿ ನೋವಾಗದ್ದು ಯಾವುದು?

ಡಾಕ್ಟರ್: ಅಂದ್ರೆ?

ಪೂವಯ್ಯ: ಮರಿಗೆ ಒಂಚೂರೂ ನೋವಾಗ್ಬಾರ್ದು. ಆದ್ರೆ ಕಲೆ ಮಾತ್ರ ಚೆನ್ನಾಗಿ ಬೀಳ್ಬೇಕು. ಹಾಗಿದ್ದು ಎಂತಾದ್ರೂ ಉಂಟಾ?

ಡಾಕ್ಟರ್ ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇಂಥ ಪ್ರಶ್ನೆ ಕೇಳಿರಲಿಲ್ಲ. ಸರೋಜ ಡಾಕ್ಟರನ್ನು 'ಬನ್ನಿ, ಕಾಫಿ ಕುಡಿಯಿರಿ' ಎಂದು ಒಳಗೆ ಕರೆದೊಯ್ದು ಬಚಾವು ಮಾಡಿದರು. ಅವರು ಅತ್ತ ಹೋದದ್ದೇ ತಡ, ಕೊಟ್ಟಿಗೆಯ ಗೂಡಿನಲ್ಲಿಟ್ಟಿದ್ದ ಸರೋಜರ ಫೋನ್ ಬಡಿದುಕೊಂಡಿತು. ಮಾಡಿದವರು ಆಕೆಯ ಅಣ್ಣ ಶಶಿಧರ. ಸುಳ್ಳು ಹೇಳಲು ಬಾರದ ಪೂವಯ್ಯ ಫೋನ್ ಎತ್ತಬಾರದಿತ್ತು, ಎತ್ತಿದರು.

ಶಶಿಧರ: ಕುಶಾಲಿ ಹೆಂಗೈತೆ ಭಾವ?

ಪೂವಯ್ಯ: ತಲೆ ಬಗ್ಗಿಸಿ ನಿಂತುಂಟು ಭಾವ. ಕಣ್ಣೇ ಬಿಡ್ತಾ ಇಲ್ಲ. ಮದ್ದು ಹಾಕಿದ್ದಲ್ಲ, ಹಾಗೆ.

ಶಶಿಧರ: ಏನು? ಮದ್ದು ಹಾಕಿದ್ರಾ? ಯಾರು?

ಪೂವಯ್ಯ: ಸರೋಜನೇ ಎದುರು ನಿಂತು ಹಾಕಿಸಿದ್ದು.

ಶಶಿಧರ: ನಮ್ಮ ಸರೋಜನಾ? ಇರುವೆ ಕಂಡ್ರೆ ದಾಟ್ಕೊಂಡು ಹೋಗೋಳು!

ಪೂವಯ್ಯ: ಒಂದೇ ದಿನಕ್ಕೆ ಮುಗಿಯೋದಿಲ್ಲ ಭಾವ. ಆರು ವಾರ ಹಾಕ್ಬೇಕಂತೆ, ಸ್ವಲ್ಪ ಸ್ವಲ್ಪ.

ಶಶಿಧರ: ಸ್ವಲ್ಪ ಸ್ವಲ್ಪನಾ? ಅಯ್ಯೋ ಪಾಪಿಗಳಾ! ನಾನು ಮಡಿಕೇರೀಲೇ ಇದೀನಿ, ಈಗ್ಲೇ ಬಂದೆ!

ಫೋನ್ ಕಟ್ಟಾಯಿತು. ಸರೋಜ ಕಾಫಿ ಲೋಟ ಹಿಡಿದು ಹೊರಗೆ ಬಂದರು.

ಪೂವಯ್ಯ: ನಿನ್ನ ಅಣ್ಣನಿಗೆ ಎಂತದೋ ಆಗಿದೆ. ಮರಿಗೆ ಮದ್ದು ಹಾಕಿದೆವು ಅಂದದ್ದಕ್ಕೆ ಪಾಪಿಗಳಾ ಅಂತ ಬೈದ.

ಸರೋಜ: ಮದ್ದು ಹಾಕಿದ್ವಿ ಅಂದ್ರಾ? ಅಯ್ಯೋ ದೇವ್ರೇ! ನಮ್ಮ ಕಡೆ ಮದ್ದು ಹಾಕೋದು ಅಂದ್ರೆ ಊಟದಲ್ಲಿ ವಿಷ ಬೆರ್ಸಿ ಸಾಯ್ಸೋದು ಕಣ್ರೀ! ಔಷಧಿ ಅನ್ನೋಕೆ ಏನಾಗಿತ್ತು ನಿಮಗೆ?

ಪೂವಯ್ಯ: ನಮ್ಮ ಕಡೆ ಮದ್ದು ಅಂದ್ರೆ ಔಷಧಿಯೇ. ಇಲ್ಲಿ ಮದ್ದು ಹಾಕಿದ್ರೆ ಬದುಕ್ತಾರೆ.

ಸರೋಜ: ಮದುವೆಯಾದ ಹೊಸದ್ರಲ್ಲಿ ನಿಮ್ಮಮ್ಮ 'ತಲೆನೋವಾ ಮಗಳೇ, ಬಾ ಮದ್ದು ಕೊಡ್ತೇನೆ' ಅಂದಾಗ ನಾನು ಹಿಂದಿನ ಬಾಗಿಲಿಂದ ಓಡಿದ್ದು ಮರ್ತೇ ಹೋಯ್ತಾ?

ಪೂವಯ್ಯ: ಅದಾ! ನಾನು ನಿಂಗೆ ತೌರಿನ ನೆನಪಾಗಿದೆ ಅಂದ್ಕೊಂಡಿದ್ದೆ.

ಸರೋಜ ಏಳು ಸಲ ಅಣ್ಣನಿಗೆ ಫೋನ್ ಹಚ್ಚಿದರು. ಘಾಟಿ ದಾರಿ ಹಿಡಿದವರಿಗೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಡಾಕ್ಟರ್ ಎರಡನೇ ಲೋಟ ಕಾಫಿ ಮುಗಿಸುವ ಹೊತ್ತಿಗೆ ಪಿಕಪ್ ಗಾಡಿಯೊಂದು ಅಂಗಳಕ್ಕೆ ನುಗ್ಗಿ ನಿಂತಿತು. ಶಶಿಧರ ಬಾಗಿಲನ್ನೂ ಹಾಕದೆ ಕೊಟ್ಟಿಗೆಗೆ ಓಡಿದರು.

ಶಶಿಧರ: ಯಾಕವ್ವ ಸರೋಜ ಹಿಂಗ್ ಮಾಡ್ದೆ? ಮೂಕಪ್ರಾಣಿ ನಿಂಗೇನು ಅನ್ಯಾಯ...

ಮೂಕಪ್ರಾಣಿ ಆಗಲೇ ಮಂಪರು ಬಿಟ್ಟೆದ್ದು ಹುಲ್ಲು ಜಗಿಯುತ್ತಿತ್ತು. ಸರೋಜ ಬೇಲಿಯಿಂದ ಹಿಡಿದು ಬ್ಯಾಂಡೇಜಿನವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದರು.

ಶಶಿಧರ: ಅಷ್ಟೇನಾ! ದಾರಿಯುದ್ದಕ್ಕೂ ಅತ್ಕೊಂಡ್ ಬಂದೆ ಕಣವ್ವ. ಜೀವ ಒಂದಿದ್ರೆ ಸಾಕು. ಕಲೆ ಬಿದ್ರೆ ಬೀಳ್ಲಿ ಬಿಡು.

ಪೂವಯ್ಯ: ಬಿದ್ರೆ ಬೀಳ್ಲಿ? ಮದುಮಗ ಹತ್ತುದಿಲ್ಲಲ್ಲ ಭಾವ?

ಶಶಿಧರ: ದಿಬ್ಬಣದಲ್ಲಿ ಕುದುರೆ ಕಾಲಿಗೆ ಮಂಡಿವರೆಗೂ ಜರಿ ಪಟ್ಟಿ ಸುತ್ತೀವಿ ಭಾವ, ಯಾರು ಬಿಚ್ಚಿ ನೋಡ್ತಾರೆ? ಬರೋ ತಿಂಗಳು ಕರ್ಕೊಂಡು ಹೋಗೋದೇ.

ಪೂವಯ್ಯ ಹಿಂಡಿ ಮೂಟೆಯ ಮೇಲೆ ಕುಕ್ಕರಿಸಿದರು. ಹಾಗಾದರೆ ಕಲೆ ಬಿದ್ದಿದ್ದರೂ ಮರಿ ಹೋಗುತ್ತಿತ್ತು. ತಾವು ಸುಣ್ಣ ಬಳಿದಿದ್ದರೆ ಅದು ಸುಮ್ಮನೆ ನೋವು ತಿನ್ನುತ್ತಿತ್ತು. ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಸರೋಜ: ಹೇಳಿಬಿಡ್ರೀ. ಹೊಟ್ಟೇಲಿ ಯಾಕೆ ಇಟ್ಕೋತೀರಿ?

ಪೂವಯ್ಯ: ಎಂತ ಹೇಳುದು? ಕಲೆ ಬಿದ್ರೆ ನೀವು ಬೇಡ ಅಂತೀರಿ, ಇದು ನಮ್ಮಲ್ಲೇ ಇರ್ತದೆ ಅಂತ ಆಸೆಪಟ್ಟೆ ಭಾವ. ಬಾಟ್ಲಿ ಹಿಡ್ಕೊಂಡು ನಿಂತೆ, ಹಾಕ್ಲಿಕ್ಕೆ ಮಾತ್ರ ಮನಸ್ಸು ಬರ್ಲಿಲ್ಲ. ಇದನ್ನ ಬಿಟ್ಟು ಇರ್ಲಿಕ್ಕೆ ನಂಗೆ ಆಗುದಿಲ್ಲ.

ಗಲಾಟೆ ಕೇಳಿ ಲೋಟದ ಸಮೇತ ಹೊರಬಂದಿದ್ದ ಡಾಕ್ಟರ್ ಖಾಲಿ ಲೋಟವನ್ನು ಇನ್ನೊಮ್ಮೆ ಕುಡಿದರು.

ಶಶಿಧರ: ಸರಿ, ಕೇಳಿ ಭಾವ. ಆರು ವಾರ ಬಿಟ್ಟು ಬರ್ತೀನಿ. ಕಾಲಲ್ಲಿ ಒಂದು ಗೆರೆ, ಒಂದು ಬಿಳಿ ಕೂದಲು ಕಂಡ್ರೂ ಇದೇ ಗಾಡೀಲಿ ಹತ್ತಿಸ್ಕೊಂಡು ಹೋಗ್ತೀನಿ. ನೋಡ್ಕೊಳೋಕೆ ಬರದೋರ ಹತ್ರ ನಾನು ಕುದುರೆ ಬಿಡಲ್ಲ. ಏನೂ ಕಾಣ್ಲಿಲ್ಲ ಅಂದ್ರೆ ಕುಶಾಲಿ ನಿಮ್ದೇ, ಇಟ್ಕೊಳಿ.

ಪೂವಯ್ಯ ಸ್ಪ್ರಿಂಗಿನಂತೆ ಎದ್ದರು. ಜೇಬಿನಲ್ಲಿದ್ದ ಚೀಟಿ ತೆಗೆದು, ಬರೆದುಕೊಂಡ ಪ್ರತಿಯೊಂದು ಸಾಲಿನ ಮುಂದೆಯೂ 'ಕೂಡದು' ಎಂದು ಬರೆಯತೊಡಗಿದರು.

ಪೂವಯ್ಯ: ಡಾಕ್ಟ್ರೇ, ಲೋಟ ಕೆಳಗಿಡಿ. ಬ್ಯಾಂಡೇಜ್ ಬಿಚ್ಚುದು ಹೇಗೆ, ಸುತ್ತುದು ಹೇಗೆ, ಮೊದಲಿಂದ ಇನ್ನೊಮ್ಮೆ ಹೇಳಿ. ಸರೋಜ, ನಿನ್ನ ಹೊಸ ಸೊಳ್ಳೆಪರದೆ ಎಲ್ಲುಂಟು? ನೊಣ ಬರ್ತಾ ಉಂಟಲ್ಲ!

ಸರೋಜ: ಅದು ನಮ್ಮ ಮಂಚಕ್ಕೆ ತಂದಿರೋದು ಕಣ್ರೀ!

ಪೂವಯ್ಯ: ನಮಗೆ ಕಲೆ ಬಿದ್ರೆ ಯಾರು ಕೇಳ್ತಾರೆ?

ಶಶಿಧರ ನಗುತ್ತಾ ಬಗ್ಗಿ, ಮರಿಯ ಕಾಲಿನ ಬ್ಯಾಂಡೇಜನ್ನು ಪ್ರೀತಿಯಿಂದ ಸವರಲು ಕೈ ಚಾಚಿದರು. ಪೂವಯ್ಯ ನಡುವೆ ಬಂದು ಅಡ್ಡ ನಿಂತರು.

ಪೂವಯ್ಯ: ಕೈ ತೊಳ್ಕೊಂಡು ಬಂದು ಮುಟ್ಟಿ ಭಾವ. ಬೇರೆಯವರ ಕುದುರೆ ಅಲ್ವಾ?