ಅತ್ತೆಯ ರೂಪಾಯಿ ಸರ, ಅಳಿಯನ ಸ್ಕ್ಯಾನರು

"ಮೊಬೈಲಿನ್ಯಾಗ ತಗದದ್ದೂ ಒಂದು ಫೋಟೊ ಏನ್ರಿ ಅತ್ತಿ? ನಾ ಸ್ಕ್ಯಾನರಿನ್ಯಾಗ ತೆಗಿತೇನಿ. ರಾಜನ ಗಡ್ಡದ ಕೂದಲಾ ಎಣಸ್ಬೇಕು ನೀವು, ಹಂಗ!" ಎಂದು ಗೋರಖನಾಥ ಬೀದರಿನ ಮೈಲೂರು ಬಡಾವಣೆಯ ತನ್ನ ಮನೆಯಲ್ಲಿ ಫರ್ಮಾನು ಹೊರಡಿಸಿದ.

ಭಾಲ್ಕಿ, ಔರಾದ ಕಡೆ ಬಾವಿಗಳ ತಳ ಕಂಡ ವರ್ಷ ಅದು. ಭಾತಂಬ್ರಾದ ಅತ್ತೆ ಹೀರಾಬಾಯಿ ಮಗನ ಸಂಸಾರದ ಜತೆ ಹೈದರಾಬಾದಿಗೆ ಹೊರಟಿದ್ದಳು. ಮಗ, ಸೊಸೆಗೆ ಕಟ್ಟಡದ ಕೆಲಸ. ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಇವಳ ಪಾಲು. ಅಲ್ಲಿನ ತಗಡಿನ ಶೆಡ್ಡಿನಲ್ಲಿ ಬೆಳ್ಳಿ ಇಟ್ಟುಕೊಳ್ಳುವುದು ಹೇಗೆ? ಗಡ್ಡದ ರಾಜನ ಮುಖವಿರುವ ಹಳೇ ಬೆಳ್ಳಿ ರೂಪಾಯಿಗಳಿಗೆ ಕೊಂಡಿ ಬೆಸೆದು ಪೋಣಿಸಿದ ಸರ. ಮದುವೆಯಾದಂದಿನಿಂದ ಕೊರಳಿಂದ ಇಳಿದದ್ದಲ್ಲ. ಬಸ್ ಹತ್ತುವ ಮುನ್ನ ಇಲ್ಲಿಗೆ ಬಂದು, ಅದನ್ನು ಮಗಳು ಕಾಂತಾಬಾಯಿಯ ಕೈಗಿಟ್ಟು, ನೆನಪಾದಾಗ ನೋಡಲು ಒಂದು ಫೋಟೊ ಸಾಕೆಂದಿದ್ದಳು.

ತಾಯಿ, ಮಗಳು ಬಜಾರಿಗೆ ಹೊರಟರು. ಅಂದು ನೀರಿನ ಟ್ಯಾಂಕರ್ ಬರುವ ದಿನ. ಹಾರನ್ ಕೇಳಿದೊಡನೆ ಕೊಡಗಳನ್ನು ಹೊರಗಿಡಬೇಕೆಂದು ಕಾಂತಾಬಾಯಿ ಬಾಗಿಲಲ್ಲಿ ಹೇಳಿದಳು. ಓಣಿಯಿಂದ ತಿರುಗಿ ಬಂದು ಮತ್ತೆ ಹೇಳಿದಳು. ಒಂದು ಕಡೆ ಕೂತು ಗೊತ್ತಿಲ್ಲದ ಗೋರಖನಾಥ ಆಗಲೇ ಸ್ಕ್ಯಾನರಿನ ಗಾಜು ಒರೆಸುತ್ತಿದ್ದ.

ಮೊದಲ ಚಿತ್ರದಲ್ಲಿ ರೂಪಾಯಿಗಳು ಹಂಚಿನ ಮೇಲೆ ಮರೆತುಬಿಟ್ಟ ರೊಟ್ಟಿಗಳಂತೆ ಕಂಡವು. ಕೊಂಡಿಗಳು ಅಡ್ಡ ಬಂದು ಮುಚ್ಚಳ ಕೂಡುತ್ತಿರಲಿಲ್ಲ, ಸಂದಿಯಿಂದ ಬಿಸಿಲು ನುಗ್ಗುತ್ತಿತ್ತು. ಸರವನ್ನು ಅಡ್ಡ ಇಟ್ಟರೆ ರಾಜನ ಮುಖ ಹಳ್ಳ ಬಿದ್ದಂತೆ ಕಂಡಿತು. ಉದ್ದಕ್ಕೆ ತಿರುಗಿಸಿದರೆ ಬೆಳಕು ತಲೆಯ ಕಡೆಯಿಂದ ಬಿದ್ದು ಮೂಗು ಮೇಲೆದ್ದಿತು. ಗೋರಖನಾಥನಿಗೆ ಹುಚ್ಚು ಹತ್ತಿತು. ಮುಚ್ಚಳ ತೆರೆದೇ ಇಟ್ಟು, ಕೋಣೆಯನ್ನೇ ಕತ್ತಲು ಮಾಡಿದರೆ? ಕಿಟಕಿ ಮುಚ್ಚಿದ. ಬಾಗಿಲು ಹಾಕಿದ. ಸಂದಿಗಳಿಗೆ ಚಾದರ ತುರುಕಿದ. ಮೇಜು ಅದುರುತ್ತದೆಂದು ಫ್ಯಾನನ್ನೂ ಆರಿಸಿದ. ಬೀದರಿನ ಮೇ ತಿಂಗಳಲ್ಲಿ ಬನಿಯನ್ ಹಿಂಡುವಷ್ಟು ಬೆವೆತು ಇಟ್ಟ, ತೆಗೆದ, ಬಗ್ಗಿದ, ಮತ್ತೆ ಇಟ್ಟ. ಕಿವಿಯ ಬಳಿ ಸ್ಕ್ಯಾನರು ಗುರ್ರೆನ್ನುತ್ತಿತ್ತು.

ಹೊರಗೆ ಟ್ಯಾಂಕರ್ ಬಂತು, ಹಾರನ್ ಹೊಡೆಯಿತು, ಓಣಿಯವರು ಜಗಳಾಡುತ್ತಲೇ ನೀರು ತುಂಬಿಕೊಂಡರು, ಟ್ಯಾಂಕರ್ ಹೋಯಿತು. ಗೋರಖನಾಥನಿಗೆ ಕೇಳಿಸಿದ್ದು ಹೆಂಡತಿ ಬಾಗಿಲು ಬಡಿದದ್ದು ಮಾತ್ರ.

ಕಾಂತಾಬಾಯಿ ಖಾಲಿ ಕೊಡಗಳನ್ನು ನೋಡಿದಳು, ಗಂಡನನ್ನು ನೋಡಿದಳು. "ಅವ್ವ ಜಳಕಾ ಮಾಡಿ ಬಸ್ ಹತ್ತಬೇಕು. ರಾಜನ ಗಡ್ಡ ಹಿಂಡಿ ನೀರು ಕೊಡ್ತೀರೇನ್ರಿ?"

ಗೋರಖನಾಥನೇ ಕೊಡ ಹಿಡಿದು ಪಕ್ಕದ ಮನೆಯ ಖುರ್ಷಿದ ಬೇಗಂ ಅವರ ಬಾಗಿಲಿಗೆ ಹೋಗಬೇಕಾಯಿತು. ಆಕೆ ನೀರು ಕೊಟ್ಟರು. ತಾವು ಎಷ್ಟು ಕೂಗಿದರೂ ಆ ಮನೆಯಲ್ಲಿ ಜೀವವೇ ಇದ್ದಂತಿರಲಿಲ್ಲ ಎಂಬುದನ್ನು ಓಣಿಗೆಲ್ಲ ಕೇಳುವಂತೆ ಹೇಳಿಯೂ ಕೊಟ್ಟರು.

ಹೀರಾಬಾಯಿಯ ಜಳಕವಾಗುವಷ್ಟರಲ್ಲಿ ಬಸ್ಸಿನ ಹೊತ್ತಾಗಿತ್ತು. ಬಾಗಿಲಲ್ಲಿ ಆಟೊ ನಿಂತಿತ್ತು. ಗೋರಖನಾಥ ಕೊನೆಯ ಚಿತ್ರವನ್ನು ಅವಸರದಲ್ಲಿ ಪ್ರಿಂಟು ತೆಗೆದು, ತಾನೂ ಸರಿಯಾಗಿ ನೋಡದೆ ಅತ್ತೆಯ ಕೈಗಿತ್ತ. ಅವಳು ಅದನ್ನು ಬೆಳಕಿಗೆ ಹಿಡಿದಳು. ಕಪ್ಪಿನ ನಡುವೆ ಒಂದೊಂದು ರೂಪಾಯಿಯೂ ಬೆಳಗುತ್ತಿತ್ತು, ಗಡ್ಡದ ಎಳೆ ಎಳೆ ಕಾಣುತ್ತಿತ್ತು. ಹೀರಾಬಾಯಿ ಬರಿದಾದ ಕೊರಳು ಮುಟ್ಟಿಕೊಂಡಳು. ಅವಳ ಕಣ್ಣು ತುಂಬಿತು. ಗೋರಖನಾಥನ ಎದೆ ಉಬ್ಬಿತು.

ಆಮೇಲೆ ಅವಳ ಬೆರಳು ಮೇಲಕ್ಕೆ ಸರಿಯಿತು. ರೂಪಾಯಿಗಳ ಮೇಲಿನ ಕತ್ತಲಲ್ಲಿ ಒಂದು ದಪ್ಪ ಮೂಗು, ಒದ್ದೆ ಮೀಸೆ, ಅರಳಿದ ಒಂದು ಕಣ್ಣು ಹಣಿಕಿ ಹಾಕುತ್ತಿದ್ದವು. ಬಗ್ಗಿ ನೋಡುತ್ತಿದ್ದ ಅಳಿಯನನ್ನೂ ಸ್ಕ್ಯಾನರು ಬಿಟ್ಟಿರಲಿಲ್ಲ.

ಗೋರಖನಾಥ ಕಾಗದ ಕಸಿಯಲು ಕೈ ಚಾಚಿದ. ಹೀರಾಬಾಯಿ ಅದನ್ನು ಮಡಚಿ ಚೀಲಕ್ಕೆ ಸೇರಿಸಿದಳು.

"ಇರ್ಲಿ ಬಿಡ್ರಿ ಅಳಿಯಂದ್ರ. ನಾಳಿ ಸರ ಕಳದ್ರ ಪೊಲೀಸರಿಗಿ ಸರಳ ಆಯ್ತು. ಮಾಲೂ ಇದರಾಗೇ ಅದ, ಕಳ್ಳರೂ ಇದರಾಗೇ ಅದಾರ."