ಪೊರ್ಬುಗಳು ಗೋಲು ಕಾಯ್ದದ್ದು

ಸೌದಿಯ ದಮ್ಮಾಮಿನ ನಮ್ಮ ಕೆಲಸಗಾರರ ಕ್ಯಾಂಪಿನಲ್ಲಿ ಪೋಪ್ ಆಗುವ ಯೋಗ್ಯತೆಯುಳ್ಳ ಒಬ್ಬರಿದ್ದರು ಎಂದರೆ ನಂಬುತ್ತೀರಾ? ನಂಬಬೇಡಿ, ಅದು ಅವರೇ ಹೇಳಿಕೊಂಡದ್ದು! ಬಂಟ್ವಾಳದ ಕಡೆಯ ಕೊಂಕಣಿ ಕ್ರೈಸ್ತರು. ತುಳುವರಾದ ನಾವು ಊರಿನ ಮರ್ಯಾದೆಯಂತೆ ‘ಪೊರ್ಬುಗಳು’ ಎನ್ನುತ್ತಿದ್ದೆವು. ಕೆಲಸ, ಕಾಂಕ್ರೀಟ್ ಮಿಕ್ಸರ್ ನೋಡಿಕೊಳ್ಳುವುದು.

ಪೋಪರ ಜೀವನಚರಿತ್ರೆ ಅವರಿಗೆ ಬಾಯಿಪಾಠ. ಬೆಳಿಗ್ಗೆ ಸೈಟಿಗೆ ವ್ಯಾನು ಹೊರಟಿತೆಂದರೆ ಕಥೆಯೂ ಹೊರಟಿತು.

“ಅವರು ಎಂತ ಹುಟ್ಟುವಾಗಲೇ ಪೋಪಾ? ಯುದ್ಧದ ಕಾಲದಲ್ಲಿ ಕಲ್ಲುಕೋರೆಯಲ್ಲಿ ದುಡಿದವರು ಮಾರಾಯ! ನಾಟಕ ಆಡಿದವರು! ಆಮೇಲೆ ಪಾದ್ರಿ, ಬಿಷಪ್, ಪೋಪ್!”

“ನೀವು ಎಲ್ಲಿವರೆಗೆ ಮುಟ್ಟಿದ್ದೀರಿ?”

“ಕಲ್ಲಿನವರೆಗೆ.”

“ನಿಮಗೆ ಹೆಂಡತಿ, ಮೂರು ಮಕ್ಕಳು ಇದ್ದಾರಲ್ಲ?”

“ಅದೊಂದು ಸಣ್ಣ ತೊಡಕು ಉಂಟು.”

ಹುಡುಗನಾಗಿದ್ದಾಗ ಪೋಪ್ ಗೋಲ್‌ಕೀಪರ್ ಆಗಿದ್ದರಂತೆ. ನಮಗೆ ಮುಳುವಾದದ್ದು ಇದೇ! ಶುಕ್ರವಾರದ ಫುಟ್‌ಬಾಲಿನಲ್ಲಿ ಗೋಲಿಗೆ ಪೊರ್ಬುಗಳೇ ನಿಲ್ಲಬೇಕು. ಚಾ ಲೋಟ ಕೊಟ್ಟರೂ ಜಾರಿಸುವ ಕೈ. ಚೆಂಡು ಆ ಕೈಗೆ ಬಂದು, ಕುಶಲ ವಿಚಾರಿಸಿ, ಒಳಗೆ ಹೋಗುತ್ತಿತ್ತು.

ಅಷ್ಟರಲ್ಲಿ ಸುದ್ದಿ ಬಂತು: ಪೋಪ್ ಮಂಗಳೂರಿಗೇ ಬರುತ್ತಾರೆ! ಪೊರ್ಬುಗಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ರಜೆಗೆ ಇನ್ನೂ ಒಂದು ವರ್ಷವಿತ್ತು, ಪಾಸ್‌ಪೋರ್ಟ್ ಕಫೀಲನ ಕಪಾಟಿನಲ್ಲಿತ್ತು. ಈ ಕಫೀಲ್, ಅಂದರೆ ನಮ್ಮ ಅರಬಿ ಧಣಿ, ಮಹಾ ಫುಟ್‌ಬಾಲ್ ಹುಚ್ಚ. ಪಕ್ಕದ ಕ್ಯಾಂಪಿನೆದುರು ನಾವು ಸೋತು ಸೋತು ಅವನಿಗೆ ತಲೆ ಎತ್ತಲಾಗದ ಹಾಗಾಗಿತ್ತು. ರಜೆ ಕೇಳಲು ಹೋದ ಪೊರ್ಬುಗಳಿಗೆ “ಈ ಶುಕ್ರವಾರ ಗೆದ್ದರೆ ಪಾಸ್‌ಪೋರ್ಟ್ ತಗೊ” ಎಂದುಬಿಟ್ಟ.

“ಪೊರ್ಬುಗಳೇ, ಇದೊಂದು ದಿನ ಗೋಲಿಗೆ ಬೇರೆಯವರು ನಿಲ್ಲಲಿ” ಎಂದು ನಾನು ಅಂಗಲಾಚಿದೆ.

“ಪೋಪ್‌ನ ನೋಡ್ಲಿಕ್ಕೆ ಹೋಗುವುದು ನಾನು. ಗೋಲಿಗೆ ನಿಲ್ಲುವುದು ನೀನಾ?”

ಹೇಗೋ ಒಂದು ಗೋಲು ಹೊಡೆದೆವು. ಆಟ ಮುಗಿಯಿತು ಎನ್ನುವಾಗ ಎದುರಿನವರಿಗೆ ಪೆನಾಲ್ಟಿ! ಪೊರ್ಬುಗಳು ಶಿಲುಬೆಯ ಗುರುತು ಹಾಕಲು ಹಣೆಗೆ ಕೈ ಒಯ್ದವರು, ಇದು ಸೌದಿ ಎಂಬುದು ನೆನಪಾಗಿ, ಬೆವರು ಒರೆಸಿದಂತೆ ನಟಿಸಿದರು. ಪೋಪ್ ಕೂಡ ನಾಟಕ ಆಡಿದವರಲ್ಲವೇ? ಆಮೇಲೆ ಕಣ್ಣು ಮುಚ್ಚಿದರು. ಚೆಂಡು ನೇರ ಹೊಟ್ಟೆಗೆ! ಅದನ್ನು ಅಪ್ಪಿಕೊಂಡು ಬಿದ್ದವರು, ಸೀಟಿ ಊದಿದರೂ ಬಿಡಲಿಲ್ಲ. ಕಫೀಲ್ ನಿಲುವಂಗಿ ಎತ್ತಿ ಹಿಡಿದು ಓಡಿಬಂದು ಎರಡೂ ಕೆನ್ನೆಗೆ ಮುತ್ತಿಟ್ಟ. “ಯಲ್ಲಾ, ಹೊರಡು ಮಂಗಳೂರಿಗೆ!”

ಅವರು ಊರಿನಿಂದ ಮರಳಿದ ದಿನ ಇಡೀ ಕ್ಯಾಂಪು ಸುತ್ತುವರಿಯಿತು. “ಪೋಪ್ ಹೇಗಿದ್ದರು?”

“ನಾನೆಲ್ಲಿ ನೋಡಿದೆ ಮಾರಾಯ! ಜನವೋ ಜನ. ಜೊತೆಗೆ ಬಂದ ಅಮ್ಮನಿಗೆ ಎಂತದೂ ಕಾಣುವುದಿಲ್ಲ. ಎರಡೂ ಕೈಯಲ್ಲಿ ಗಟ್ಟಿ ಹಿಡಿದು ಹೆಗಲ ಮೇಲೆ ಕೂರಿಸಿಕೊಂಡೆ. ನನಗೆ ಕಂಡದ್ದು ಎದುರಿನವನ ಅಂಗಿ ಮಾತ್ರ. ಅಮ್ಮ ಮೇಲಿಂದ ‘ಬಂದರು, ಕೈ ಬೀಸಿದರು, ನನಗೇ ಬೀಸಿದರು’ ಅಂತ ಹೇಳ್ತಾ ಅಳ್ತಾ ಇದ್ರು.”

ಪೊರ್ಬುಗಳು ಎರಡೂ ಅಂಗೈ ನಮ್ಮೆದುರು ಚಾಚಿ, ಕಪ್ ಗೆದ್ದವರಂತೆ ನಕ್ಕರು.

“ಒಮ್ಮೆಯೂ ಜಾರಲಿಲ್ಲ, ಗೊತ್ತುಂಟಾ?”

ನನ್ನ ಕಣ್ಣು ತುಂಬಿ ಬಂತು. ಮುಂದಿನ ಶುಕ್ರವಾರ ಗೋಲಿಗೆ ಯಾರು ಎಂದು ಕ್ಯಾಂಪಿನಲ್ಲಿ ಯಾರೂ ಕೇಳಲಿಲ್ಲ.