ಅತ್ತೆಯವರ ರೊಟ್ಟಿ ಮತ್ತು ನನ್ನ ಮುಂಬಯಿ

ಯಾವ ಊರು ಇಷ್ಟ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ತಮ್ಮ ಮಾನಕ್ಕೆ ಒಪ್ಪುವ ಊರಿನ ಹೆಸರು ಹೇಳುತ್ತಾರೆ. ನಾನಂತೂ ಮದುವೆಯಾಗಿ ಗಡಿಯಾಚೆ ಮರಾಠಿ ಸೀಮೆಯ ಜತ್ತ ತಾಲ್ಲೂಕಿನ ಸೋನ್ಯಾಳಕ್ಕೆ ಬಂದಂದಿನಿಂದ ಮುಂಬಯಿಯ ಹೆಸರು ಹೇಳುತ್ತಿದ್ದೆ. ಅದನ್ನು ನೋಡಿರಲಿಲ್ಲ ಎಂಬುದು ಬೇರೆ ಮಾತು. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಚಮಚದ ಸಪ್ಪಳವಾಗದಂತೆ ಸೂಪು ಕುಡಿಯುವುದನ್ನೂ ಬಾಯಲ್ಲಿ ತುತ್ತಿರುವಾಗ ಮಾತಾಡದಿರುವುದನ್ನೂ ಸಿಸ್ಟರುಗಳು ಕಲಿಸಿದ್ದರು. ಸೋನ್ಯಾಳದಲ್ಲಿ ಸೂಪು ಇರಲಿಲ್ಲ. ಇನ್ನು ಮಾತು, ಅಲ್ಲಿ ತುತ್ತಿನ ಜೊತೆಗೇ ಒಳಗೂ ಹೊರಗೂ ಓಡಾಡುತ್ತಿತ್ತು. ಹಿತ್ತಲ ಬಾಗಿಲು ತೆಗೆದರೆ ಜೋಳದ ಹೊಲ, ಜಾಲಿಗಿಡ, ಕುರಿ, ಮೇಲೆ ಯಾರಿಗೂ ಬೇಡವಾದಷ್ಟು ಆಕಾಶ. "ನಮಗೆ ಸಿಟಿಯ ರೂಢಿ ನೋಡಿ" ಎಂದು ನಾನು ನಿಟ್ಟುಸಿರು ಬಿಟ್ಟರೆ ನೆರೆಯ ಹೆಂಗಸರು "ಪಾಪ, ಕಾನ್ವೆಂಟಿನಾಕಿ" ಎಂದು ನನ್ನ ಕೈಯಿಂದ ಬೀಸುವ ಕಲ್ಲಿನ ಗೂಟ ತೆಗೆದುಕೊಳ್ಳುತ್ತಿದ್ದರು. ಹೀಗಾಗಿ ಆ ನಿಟ್ಟುಸಿರನ್ನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಒಂದು ವರ್ಷ, ಮುಂಬಯಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮೈದುನ ಹೇಳಿ ಕಳಿಸಿದ: ಅಣ್ಣನೂ ಬಂದು ಅಂಗಡಿಯಲ್ಲಿ ಕೂಡಲಿ, ಚಾಳಿನಲ್ಲಿ ತನ್ನ ಪಕ್ಕದ ಖೋಲಿ ಖಾಲಿಯಾಗಿದೆ, ಎಲ್ಲರೂ ಬಂದುಬಿಡಿ. ನಮ್ಮ ಯಜಮಾನರು, "ಲಗ್ನಾದಾಗಿಂದ ಸಿಟಿ ಸಿಟಿ ಅಂತಿ. ನಡಿ, ನಾಕು ದಿನ ಇದ್ದು ನೋಡು. ನೀ ಹೂಂ ಅಂದ್ರ ಹೊಲಾ ಪಾಲಿಗೆ ಹಾಕಿ ಹೋಗಿಬಿಡೂಣು" ಎಂದರು. ಅತ್ತೆಯವರು, "ನಾನೂ ಬರ್ತೀನಿ. ನಾ ಇರೂ ಜಾಗಾ ನಾ ನೋಡಬ್ಯಾಡೇನು?" ಎಂದು ಖಡಕ್ ರೊಟ್ಟಿ ಬಡಿಯಲು ಕುಳಿತರು. ಅತ್ತೆಯವರು ಮೊದಲ ದಿನವೇ ಮೂಗು ಮುರಿದು ನನ್ನ ಮುಂಬಯಿಗೆ ಕಲ್ಲು ಹಾಕುತ್ತಾರೆಂದು ನನಗೆ ಒಳಗೊಳಗೇ ಭಯ.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಉಣ್ಣುವಾಗ ಯಾರಾದರೂ ಎದುರಿಗೆ ಹಾಯ್ದರೆ, "ಬರ್ರಿ, ಊಟಕ್ಕ" ಎಂದು ಕರೆಯಬೇಕು. ಅವರು, "ನಮ್ಮದು ಆತ್ರೀ, ನಿಮ್ಮದು ಸಾವಕಾಶ ಆಗಲಿ" ಎಂದು ಮುಂದೆ ಹೋಗಬೇಕು. ಕರೆಯದವನು ಜಿಪುಣ, ಕರೆದಾಗ ಬಂದು ಕೂತವನು ಅದಕ್ಕಿಂತ ಕಡೆ. ನಿನ್ನೆಯಿಂದ ಹೊಟ್ಟೆಗಿಲ್ಲದವನೂ "ಆತ್ರೀ" ಎಂದೇ ಹೊಟ್ಟೆ ಸವರಿಕೊಳ್ಳುತ್ತಾನೆ. ಕರೆಯದೆ ತಿಂದರೆ ಅತ್ತೆಯವರಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮಿರಜದಲ್ಲಿ ರೈಲು ಹತ್ತಿ ಗಂಟು ಬಿಚ್ಚಿದ ಅತ್ತೆಯವರು ಇಡೀ ಡಬ್ಬಿಯ ಜನಕ್ಕೆ ಆಮಂತ್ರಣ ಕೊಟ್ಟರು. ಎಲ್ಲರೂ ನಮ್ಮ ಕಡೆಯವರೇ, ಎಲ್ಲರದೂ "ಆತ್ರೀ". ಮುಂಬಯಿ ಮುಟ್ಟುವವರೆಗೆ ರೊಟ್ಟಿಗಂಟು ಕರಗಲಿಲ್ಲ.

ಚಾಳಿನಲ್ಲಿ ಪೇಚಾಯಿತು. ನಮ್ಮ ಖೋಲಿಯ ಬಾಗಿಲಿಗೇ ಉದ್ದನೆಯ ಪಡಸಾಲೆ. ಆ ತುದಿಗೆ ಇಡೀ ಮಜಲಿಗೆ ಸೇರಿದ ಪಾಯಖಾನೆ. ಬೆಳಿಗ್ಗೆ ಅತ್ತೆಯವರು ಹೊಸ್ತಿಲಲ್ಲಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಇಟ್ಟುಕೊಂಡು ಕುಳಿತರು. ಎದುರಿಗೆ ಕೈಯಲ್ಲಿ ನೀರಿನ ಡಬರಿ ಹಿಡಿದು ಪಾಯಖಾನೆಗೆ ನಿಂತವರ ಪಾಳಿ. ಅತ್ತೆಯವರು ಒಬ್ಬೊಬ್ಬರ ಮುಖ ನೋಡಿ ಮರಾಠಿಯಲ್ಲಿ, ಅದೂ ಬಹುವಚನದಲ್ಲಿ, ಊಟಕ್ಕೆ ಕರೆದರು. ಮೊದಲನೆಯವರು ತಮ್ಮ ಡಬರಿ ನೋಡಿಕೊಂಡರು. ಎರಡನೆಯವರು ಅತ್ತೆಯವರನ್ನು ನೋಡಿದರು. ನಾನು ಗೋಡೆ ನೋಡಿದೆ.

"ಅತ್ತಿಯಾರ, ಆ ಪಾಳ್ಯಾಗ ನಿಂತವರನ್ನ ಕರೀಬಾರದ್ರಿ."

"ಯಾಕ? ಹೋಗಿ ಬಂದು ಕೈ ತೊಳಕೊಂಡು ಕುಂದ್ರಲಿ. ನಾ ಏನ ಅವಸರಾ ಮಾಡೀನಿ?"

ಹಾಗೆಯೇ ಆಯಿತು. ಪಾಳಿಯಲ್ಲಿದ್ದ ಪಾರಸಿ ಕಂಪನಿಯ ಟೈಪಿಸ್ಟ್ ಹೆಂಗಸೊಬ್ಬಳು ಹೋಗಿ ಬಂದು, ಕೈ ತೊಳೆದುಕೊಂಡು, ಕುಳಿತೇಬಿಟ್ಟಳು. ಅತ್ತೆಯವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವರ ಇಡೀ ಆಯುಷ್ಯದಲ್ಲಿ ಕರೆದಾಗ ಕುಳಿತವರಲ್ಲಿ ಇವಳೇ ಮೊದಲನೆಯವಳು. ಮರುದಿನ ಅವಳು ಅಕ್ಕನನ್ನು ಕರೆತಂದಳು. ಆಮೇಲೆ ಅಕ್ಕನ ಗಂಡ ಬಂದ. ಹಿಂಡಿಗೆ ಮೊಸರಿದ್ದರೆ ಚೆನ್ನ ಎಂದು ಸಲಹೆಯನ್ನೂ ಕೊಟ್ಟ. ವಾರ ತುಂಬುವ ಮೊದಲೇ ಗಂಟಿನಲ್ಲಿ ಬರೀ ಬಟ್ಟೆ ಉಳಿಯಿತು. ಇನ್ನು ಅತ್ತೆಯವರು "ಊರಿಗೆ ನಡೀರಿ" ಎನ್ನುವುದು ಖಾತ್ರಿ ಎಂದುಕೊಂಡೆ. ಆಶ್ಚರ್ಯವೆಂದರೆ, ಹಾಗೆ ಅಂದುಕೊಂಡಾಗ ನನಗೆ ಹಾಯೆನಿಸಿತು.

ಏಕೆಂದರೆ ಅಷ್ಟರಲ್ಲಿ ನನಗೇನೋ ಆಗಿತ್ತು. ಎರಡು ಚಾಳುಗಳ ನಡುವೆ ಕಾಣುತ್ತಿದ್ದ ಆಕಾಶ ಇಳಕಲ್ ಸೀರೆಯ ದಡಿಯಷ್ಟಗಲ. ಅದನ್ನು ನೋಡಲು ಕತ್ತು ಹೊರಗೆ ಚಾಚಿದರೆ ಮೇಲಿನ ಮಜಲಿನ ಒದ್ದೆ ಧೋತರ ಹಣೆಗೆ ತಗುಲುತ್ತಿತ್ತು. ಬಸ್ ನಿಲ್ಲುವಲ್ಲಿ ಸಿಮೆಂಟಿನಲ್ಲಿ ಕಾಲು ಹೂತಿದ್ದ ಒಂದು ಬಾದಾಮಿ ಗಿಡವಿತ್ತು. ಎಲ್ಲರೂ ದೊಡ್ಡ ದೊಡ್ಡ ಅಂಗಡಿ ತೋರಿಸುತ್ತಿದ್ದರೆ ನಾನು ಆ ಗಿಡದ ಕೆಳಗೆ ನಿಂತು ಬಸ್ಸುಗಳನ್ನು ಬೇಕೆಂದೇ ಬಿಡುತ್ತಿದ್ದೆ. ಹಿತ್ತಲಲ್ಲಿ ನಾನು ಬೈದು ಓಡಿಸುತ್ತಿದ್ದ ಕುರಿಗಳ ವಾಸನೆ ಕೂಡ ನೆನಪಾಗುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಇಷ್ಟು ವರ್ಷ ಸಾಕಿದ ನಿಟ್ಟುಸಿರಿನ ಗತಿಯೇನು? ಅತ್ತೆಯವರೇ ಬೇಡವೆಂದುಬಿಟ್ಟರೆ ನಾನು ಇನ್ನೊಂದು ನಿಟ್ಟುಸಿರು ಬಿಟ್ಟು, ತ್ಯಾಗಮಾಡಿದವಳಂತೆ ಗಾಡಿ ಹತ್ತಬಹುದಿತ್ತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಯಜಮಾನರು, "ಏನಂತಿ? ಅಂಗಡಿಗೆ ಹೂಂ ಅನ್ನಲೇನು?" ಎಂದು ಕೇಳಿದರು.

"ನನ್ನದೇನಿದೆ, ಅತ್ತೆಯವರಿಗೆ ಇಲ್ಲಿ ಹೊಂದುವುದಿಲ್ಲ, ಪಾಪ" ಎಂದೆ.

"ನನಗ್ಯಾಕ ಹೊಂದೂದಿಲ್ಲ?" ಎಂದರು ಅತ್ತೆಯವರು. "ಭಾಳ ಚಲೋ ಊರಿದು. ಕರದ್ರ ಬಂದು ಉಂಡು ಹೋಗ್ತಾರ. ನಮ್ಮೂರಾಗ ಹುಟ್ಟಿದಾಗಿಂದ ಕರಿಯಾಕತ್ತೀನಿ, ಒಬ್ಬ ಭಾಡ್ಯಾ ಕುಂತಿಲ್ಲ. ಹೂಂ ಅನ್ನಪಾ ನೀ. ಲಗೂನ ಜ್ವಾಳಾ ತರಸು, ರೊಟ್ಟಿ ಮುಗದಾವ."

ಯಜಮಾನರು ಬಾಯಿ ತೆರೆದರು. ಆ ಬಾಯಿಂದ "ಹೂಂ" ಬೀಳುವ ಮೊದಲೇ ನಾನು ಕೂಗಿದೆ: "ನಾ ಒಲ್ಲೆ! ನನಗೆ ನಮ್ಮ ಹೊಲ ಬೇಕು. ಕುರಿ ಬೇಕು. ನಾ ಸೋನ್ಯಾಳಕ್ಕ ಹೋಗ್ತೀನಿ." ಕಾನ್ವೆಂಟಿನಲ್ಲಿ ಹಾಗೆ ಕೂಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಪಾಳಿಯಲ್ಲಿದ್ದವರೆಲ್ಲ ಡಬರಿ ಸಮೇತ ತಿರುಗಿ ನೋಡಿದರು.

ಊರಿಗೆ ಬಂದ ಮೇಲೆ ಅತ್ತೆಯವರು ನೆರೆಯವರಿಗೆಲ್ಲ ಹೇಳಿದರು: "ನಮ್ಮ ಸೊಸಿಗೆ ಸಿಟಿ ಹಿಡಸಲಿಲ್ಲವ್ವಾ. ಏನ ಮಾಡೂದು, ಹಳ್ಳಿ ಹೆಣ್ಮಗಳು." ಬೀಸುವ ಕಲ್ಲಿನ ಗೂಟ ನನ್ನ ಕೈಗೆ ಬಂತು. ಅತ್ತೆಯವರು ಮಾತ್ರ ವರ್ಷಕ್ಕೊಮ್ಮೆ ರೊಟ್ಟಿಗಂಟು ಹೊತ್ತು ಮೈದುನನಲ್ಲಿಗೆ ಹೋಗುತ್ತಾರೆ. ಆ ಗಂಟಿನ ಹಿಟ್ಟು ಬೀಸುವವಳು ನಾನೇ.

ಬೀಸಿ ಮುಗಿಸಿ, ಹೊಲದ ಬೇವಿನ ಮರದ ಕೆಳಗೆ ನನ್ನ ಬುತ್ತಿ ಬಿಚ್ಚುತ್ತೇನೆ. ಕುರಿಗಳ ಹಿಂದೆ ಕುರುಬ ಹಾಯುತ್ತಾನೆ. "ಬರ್ರಿ, ಊಟಕ್ಕ" ಎನ್ನುತ್ತೇನೆ. "ಆತ್ರೀ ಬಾಯಾರ" ಎಂದು ಅವನು ಮುಂದೆ ಹೋಗುತ್ತಾನೆ. ಎಷ್ಟು ಒಳ್ಳೆಯ ಮನುಷ್ಯ. ಅವನು ಹೋದ ಮೇಲೆ ಹೊಳೆಯುತ್ತದೆ, ಕರೆಯುವಾಗ ನನ್ನ ಬಾಯಲ್ಲಿ ತುತ್ತಿತ್ತು.